ಶನಿವಾರದ ಗಾಣಿಗರು

ಮುಂಬಯಿಗೆ ದಕ್ಷಿಣದಲ್ಲಿ ಅಲಿಬಾಗ, ಪೇಣ, ರೋಹೆ ಮೊದಲಾದ ಊರುಗಳಿಂದ ಕೂಡಿದ ಕೊಂಕಣದ ಕರಾವಳಿಯಲ್ಲಿ ಹಿಂದೆ ಒಂದು ಜನವು ಎಣ್ಣೆಯ ಗಾಣವನ್ನು ಕಟ್ಟಿಕೊಂಡು ಜೀವಿಸುತ್ತಿದ್ದಿತು. ಅವರ ಉಡಿಗೆ ತೊಡಿಗೆ ನೆರೆಯವರಂತೆಯೇ. ಆಡುವ ಮಾತು ಮರಾಠಿ. ಮನೆಯ ಹೆಂಗಸರು ಉಡುತ್ತಿದ್ದುದು ಸೀರೆ. ತಾವು ನೆಲೆಸಿದ ಹಳ್ಳಿಯ ಹೆಸರಿಗೆ 'ಕರ' ಎಂಬುದನ್ನು ಸೇರಿಸಿ ದಿವೇಕರ, ಪೇಣಕರ, ರೋಹೇಕರ, ಕೇಹಿಮಕರ ಎಂದು ತಮ್ಮ ಮನೆತನಗಳನ್ನು ಕರೆದುಕೊಳ್ಳುತ್ತಿದ್ದರು. ನೆರೆಹೊರೆಯವರು ಅವರಲ್ಲಿ ಕಂಡ ವ್ಯತ್ಯಾಸವು ಒಂದೇ. ಶುಕ್ರವಾರ ಹೊತ್ತು ಮುಳುಗುವ ವೇಳೆಗೆ ಅವರ ಗಾಣವು ನಿಲ್ಲುತ್ತಿತ್ತು. ಎತ್ತಿನ ಕಣ್ಣಿನ ಪಟ್ಟಿಯನ್ನು ಬಿಚ್ಚಿ ಕೊಟ್ಟಿಗೆಗೆ ಕಟ್ಟುತ್ತಿದ್ದರು. ಮಾರನೆಯ ಸಂಜೆ ನಕ್ಷತ್ರಗಳು ಕಾಣುವವರೆಗೆ ಎಷ್ಟು ಹಣವನ್ನು ಮುಂದಿಟ್ಟರೂ ಅವರು ಎಣ್ಣೆಯನ್ನು ಹಿಂಡುತ್ತಿರಲಿಲ್ಲ. ಆದಕಾರಣ ಜನರು ಅವರಿಗೆ 'ಶನ್ವಾರ ತೇಲಿ', ಎಂದರೆ ಶನಿವಾರದ ಗಾಣಿಗರು, ಎಂದು ಹೆಸರಿಟ್ಟರು.

ಇದು ಹಾಸ್ಯಕ್ಕಿಟ್ಟ ಹೆಸರಲ್ಲ, ಜಾತಿಯ ಹೆಸರು. ಆ ಸೀಮೆಯಲ್ಲಿ ಸೋಮವಾರದ ತೇಲಿಗಳೂ ಇದ್ದರು. ಅವರು ಶಿವಭಕ್ತರು, ಸೋಮವಾರ ಗಾಣವನ್ನು ಹೂಡುತ್ತಿರಲಿಲ್ಲ. ನಮ್ಮ ಕನ್ನಡ ನಾಡಿನ ಒಕ್ಕಲಿಗನಿಗೆ ಇದನ್ನು ವಿವರಿಸಬೇಕಾದುದಿಲ್ಲ. ಸೋಮವಾರ ಬಸವಣ್ಣನ ವಾರವೆಂದು ಎತ್ತಿನ ಹೆಗಲಿಗೆ ನೊಗವನ್ನಿಡದ ಊರುಗಳು ನಮ್ಮಲ್ಲಿ ಎಷ್ಟೋ ಉಂಟು. ಹಾಗಾಗಿ ಕೊಂಕಣದ ಹಳ್ಳಿಗನ ಕಣ್ಣಿಗೆ ಈ ಎಣ್ಣೆಯವರ ಆಚಾರವು ವಿಚಿತ್ರವಾಗಿ ಕಂಡಿರಲಾರದು. ಒಬ್ಬನಿಗೆ ಸೋಮವಾರ, ಇನ್ನೊಬ್ಬನಿಗೆ ಶನಿವಾರ, ಅಷ್ಟೇ. ಆದರೆ ಶನಿವಾರವೆಂದರೆ ಶನಿದೇವರಿಗೂ ಮಾರುತಿಗೂ ಊರೆಲ್ಲ ಎಣ್ಣೆಯನ್ನು ಒಪ್ಪಿಸುವ ದಿನವಷ್ಟೆ. ಗಿರಾಕಿಯು ಬಾಗಿಲಿಗೆ ಬರುವ ದಿನವೇ ಅಂಗಡಿಯನ್ನು ಮುಚ್ಚುವ ವ್ಯಾಪಾರಿಯನ್ನು ಕಂಡು ನೆರೆಯವರು ಒಳಗೊಳಗೇ ನಕ್ಕಿದ್ದರೂ ಇರಬಹುದು.

ಈ ಜನರು ತಮ್ಮನ್ನು ತಾವು ಕರೆದುಕೊಳ್ಳುತ್ತಿದ್ದ ಹೆಸರು ಬೇರೆ. 'ಬೆನೆ ಇಸ್ರಾಯೇಲ್', ಎಂದರೆ ಇಸ್ರಾಯೇಲನ ಮಕ್ಕಳು. ಇವರು ಯೆಹೂದ್ಯರು. ಅವರು ನಿಲ್ಲಿಸುತ್ತಿದ್ದ ಗಾಣದ ಹಿಂದೆ ಎರಡೂವರೆ ಸಾವಿರ ವರ್ಷಗಳಿಗೂ ಮಿಕ್ಕ ಒಂದು ಆಚಾರವಿದೆ. ಅದನ್ನು ಕುರಿತೇ ಈ ದಿನ ನಾವು ಶ್ರೋತೃಗಳೊಡನೆ ಕೆಲವು ಮಾತುಗಳನ್ನು ಆಡಬೇಕೆಂದಿರುವೆವು.

ಸಬ್ಬತ್ತೆಂಬ ಹೀಬ್ರೂ ಪದಕ್ಕೆ ನಿಲ್ಲುವುದು, ಬಿಡುವುದು ಎಂದು ಅರ್ಥ. ಯೆಹೂದ್ಯರ ಭಾಷೆಯಲ್ಲಿ ವಾರದ ಬೇರೆ ದಿನಗಳಿಗೆ ಹೆಸರೇ ಇಲ್ಲ. ಮೊದಲನೆಯದು, ಎರಡನೆಯದು ಎಂಬ ಎಣಿಕೆ ಮಾತ್ರ. ಏಳನೆಯದಕ್ಕೆ ಮಾತ್ರ ಹೆಸರುಂಟು. ಅವರ ಧರ್ಮಗ್ರಂಥದಲ್ಲಿ ದಶಾಜ್ಞೆಗಳು ಎರಡು ಕಡೆ ಬರುತ್ತವೆ. ಎರಡು ಕಡೆಯೂ ಈ ವಿಶ್ರಾಂತಿಯ ವಿಧಿಯಿದೆ. ಆದರೆ ಕೊಟ್ಟಿರುವ ಕಾರಣ ಮಾತ್ರ ಬೇರೆ ಬೇರೆ. ವಿಮೋಚನಕಾಂಡದಲ್ಲಿ, ದೇವರು ಆರು ದಿನಗಳಲ್ಲಿ ಜಗತ್ತನ್ನು ಸೃಜಿಸಿ ಏಳನೆಯ ದಿನ ವಿರಮಿಸಿದನು, ಆದುದರಿಂದ ನೀವೂ ವಿರಮಿಸಿರಿ ಎಂದಿದೆ. ಧರ್ಮೋಪದೇಶಕಾಂಡದಲ್ಲಾದರೋ, ಐಗುಪ್ತ ದೇಶದಲ್ಲಿ ನೀವು ಗುಲಾಮರಾಗಿದ್ದುದನ್ನು ನೆನೆಯಿರಿ ಎಂದಿದೆ. ಗುಲಾಮನಿಗೆ ರಜವಿಲ್ಲ. ರಜ ಮಾಡಬಲ್ಲವನು ಸ್ವತಂತ್ರನು. ಅದರಿಂದಲೇ ಆ ಆಜ್ಞೆಯು ಮನೆಯ ಯಜಮಾನನಲ್ಲಿಗೆ ನಿಲ್ಲದೆ ಮಗ, ಮಗಳು, ಆಳು, ತೊತ್ತು, ಊರಿಗೆ ಬಂದ ಪರದೇಶಿ, ಎತ್ತು, ಕತ್ತೆ, ಇಷ್ಟು ಮಂದಿಗೂ ವ್ಯಾಪಿಸುತ್ತದೆ. ಎತ್ತಿನ ಹೆಸರನ್ನು ಹಿಡಿದು ಅದಕ್ಕೂ ವಿಶ್ರಾಂತಿಯನ್ನು ವಿಧಿಸುವ ಈ ಮಾತು ಅಲಿಬಾಗದ ಗಾಣದ ಮನೆಯಲ್ಲಿ ಅಕ್ಷರಶಃ ನಡೆಯುತ್ತಿದ್ದಿತು.

ಇದರ ಹಿಂದೆ ಇನ್ನೊಂದು ಕಥೆಯಿದೆ. ಐಗುಪ್ತದಿಂದ ಬಿಡುಗಡೆ ಹೊಂದಿದ ಜನರು ಅರಣ್ಯದಲ್ಲಿ ಅಲೆಯುತ್ತಿರುವಾಗ ಮುಂಜಾನೆಯ ಇಬ್ಬನಿಯೊಡನೆ ಮನ್ನವೆಂಬ ಆಹಾರವು ನೆಲದ ಮೇಲೆ ಬೀಳುತ್ತಿತ್ತಂತೆ. ಆಯಾ ದಿನಕ್ಕೆ ಬೇಕಾದಷ್ಟನ್ನೇ ಕೂಡಿಸಬೇಕು. ಆಸೆಗೆ ಹೆಚ್ಚು ಕೂಡಿಸಿಟ್ಟರೆ ಬೆಳಗಾಗುವಷ್ಟರಲ್ಲಿ ಹುಳ ಬೀಳುತ್ತಿತ್ತು. ಆರನೆಯ ದಿನ ಮಾತ್ರ ಇಮ್ಮಡಿಯಾಗಿ ದೊರೆಯುತ್ತಿತ್ತು, ಅದು ಕೆಡುತ್ತಿರಲಿಲ್ಲ. ಏಳನೆಯ ದಿನ ಬುಟ್ಟಿಯನ್ನು ಹಿಡಿದು ಹೊರಟವರು ಬರಿಗೈಯಲ್ಲಿ ಹಿಂದಿರುಗಿದರು. ಇಂದಿಗೂ ಯೆಹೂದ್ಯರ ಮನೆಯಲ್ಲಿ ಸಬ್ಬತ್ತಿನ ಊಟಕ್ಕೆ ಎರಡು ರೊಟ್ಟಿಗಳನ್ನು ಇಡುವುದು ಆ ಇಮ್ಮಡಿ ಮನ್ನದ ನೆನಪಿಗಾಗಿ. ದುಡಿಯದಿದ್ದರೆ ನಾಳೆ ಉಣ್ಣುವುದೇನು ಎಂಬ ಬಡವನ ಭಯವನ್ನು ಬಲ್ಲವರೇ ಈ ಕಥೆಯನ್ನು ಕಟ್ಟಿರಬೇಕೆಂದು ನಮಗೆ ತೋರುತ್ತದೆ.

ಇಲ್ಲಿ ನಮ್ಮ ದೇಶದ ಪೂರ್ವಪದ್ಧತಿಯನ್ನು ಸ್ವಲ್ಪ ನೆನೆಯಬೇಕು. ಬಿಡುವಿನ ದಿನಗಳು ನಮ್ಮ ಪೂರ್ವಿಕರಿಗೆ ಇರಲಿಲ್ಲವೆಂದಲ್ಲ. ಪಾಡ್ಯ, ಅಷ್ಟಮಿ, ಚತುರ್ದಶಿ, ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ವೇದಾಧ್ಯಯನಕ್ಕೆ ಅನಧ್ಯಾಯ, ಬೌದ್ಧರಲ್ಲಿ ಉಪೋಸಥ. ಆದರೆ ಇವೆಲ್ಲವೂ ತಿಥಿಯನ್ನು ಅನುಸರಿಸಿದವು. ಚಂದ್ರನನ್ನು ನೋಡಿ ಎಣಿಸಿದವು. ಏಳು ವಾರಗಳ ಎಣಿಕೆಯು ನಮ್ಮಲ್ಲಿ ಬಳಕೆಗೆ ಬಂದುದು ತಡವಾಗಿ. ಗುಪ್ತ ದೊರೆ ಬುಧಗುಪ್ತನ ಕಾಲದ ಏರಣದ ಸ್ತಂಭಶಾಸನದಲ್ಲಿ, ಕ್ರಿ. ಶ. ೪೮೪ರಲ್ಲಿ, ಗುರುವಾರದ ಹೆಸರು ಬಂದಿದೆ. ವಾರವನ್ನು ಹೆಸರಿಸುವ ನಮ್ಮ ಶಾಸನಗಳಲ್ಲಿ ಇದನ್ನೇ ಅತಿ ಪ್ರಾಚೀನವೆಂದು ವಿದ್ವಾಂಸರು ಎಣಿಸಿದ್ದಾರೆ. ಬೆನೆ ಇಸ್ರಾಯೇಲರು ತಾವೇ ಹೇಳಿಕೊಳ್ಳುವಷ್ಟು ಹಿಂದೆ ಈ ತೀರಕ್ಕೆ ಬಂದವರಾದರೆ, ವಾರಗಳ ಹೆಸರೇ ಇಲ್ಲದ ಜನರ ನಡುವೆ ಅವರು ಏಳರ ಲೆಕ್ಕವನ್ನು ತಾವಾಗಿಯೇ ತಪ್ಪದೆ ಇಟ್ಟುಕೊಂಡಿರಬೇಕು. ಚಂದ್ರನು ಅದನ್ನು ತಿಳಿಸುವುದಿಲ್ಲ, ಸೂರ್ಯನೂ ತಿಳಿಸುವುದಿಲ್ಲ. ಒಂದು ದಿನ ಮರೆತರೆ ಸರಪಣಿಯೇ ಕಡಿದಂತೆ.

ಈ ಸರಪಣಿಯು ಕಡಿಯುವ ಸಂದರ್ಭಗಳು ಯೆಹೂದ್ಯರ ಚರಿತ್ರೆಯಲ್ಲಿ ಮತ್ತೆ ಮತ್ತೆ ಬಂದವು. ಕ್ರಿ. ಪೂ. ೫೮೬ರ ಸುಮಾರಿಗೆ ಬಾಬಿಲೋನಿನ ಅರಸನು ಯೆರೂಸಲೇಮಿನ ದೇವಾಲಯವನ್ನು ಸುಟ್ಟು ಜನರನ್ನು ಸೆರೆ ಒಯ್ದನು. ದೇವಾಲಯವಿಲ್ಲ, ಬಲಿಪೀಠವಿಲ್ಲ, ರಾಜನಿಲ್ಲ. ಸೆರೆಗೆ ಹೋದವರು ಹೊತ್ತುಕೊಂಡು ಹೋಗಬಹುದಾಗಿದ್ದುದು ಏಳನೆಯ ದಿನವೊಂದೇ. ಮರಳಿ ಬಂದಮೇಲೆ ನೆಹೆಮೀಯನೆಂಬ ಅಧಿಕಾರಿಯು ಊರಿನ ಗೋಡೆಯನ್ನು ಕಟ್ಟಿಸಿದನು. ಆದರೆ ಅವನಿಗೆ ಗೋಡೆಗಿಂತಲೂ ಈ ದಿನದ ಚಿಂತೆ ಹೆಚ್ಚಾಗಿದ್ದಿತು. ತೂರಿನ ವರ್ತಕರು ಸಬ್ಬತ್ತಿನ ದಿನ ಮೀನು ಮೊದಲಾದ ಸರಕನ್ನು ತಂದು ಮಾರುತ್ತಿರಲು, ಅವನು ಹಿಂದಿನ ಸಂಜೆಯೇ ಕೋಟೆಯ ಬಾಗಿಲುಗಳನ್ನು ಮುಚ್ಚಿಸಿದನು. ವರ್ತಕರು ಒಂದೆರಡು ಸಲ ಗೋಡೆಯ ಹೊರಗೆ ಮಲಗಿ ಕಾದರು. ಇನ್ನೊಮ್ಮೆ ಹೀಗೆ ಕಂಡರೆ ಹಿಡಿಸಿಬಿಡುವೆನೆಂದು ಅವನು ಗದರಿಸಿದ ಮೇಲೆ ಬರಲಿಲ್ಲವಂತೆ.

ಕ್ರಿ. ಪೂ. ೧೬೭ರ ಸುಮಾರಿಗೆ ಸಿರಿಯಾದ ಗ್ರೀಕ್ ಅರಸ ಆಂಟಿಯೋಕಸನು ಸಬ್ಬತ್ತನ್ನು ಆಚರಿಸಕೂಡದೆಂದು ಆಜ್ಞೆ ಮಾಡಿದನು. ಗುಹೆಗಳಲ್ಲಿ ಅಡಗಿದ್ದವರ ಮೇಲೆ ಸೈನ್ಯವು ಸಬ್ಬತ್ತಿನ ದಿನವನ್ನೇ ಆರಿಸಿಕೊಂಡು ಬಿದ್ದಿತು. ಆ ದಿನ ಆಯುಧವನ್ನು ಎತ್ತುವುದಿಲ್ಲವೆಂದು ಒಂದು ಕಲ್ಲನ್ನೂ ಬೀಸದೆ ಹೆಂಗಸರು ಮಕ್ಕಳೊಡನೆ ಸುಮಾರು ಸಾವಿರ ಮಂದಿ ಸತ್ತರೆಂದು ಮಕ್ಕಬಿಯರ ಗ್ರಂಥದಲ್ಲಿದೆ. ಸುದ್ದಿ ಕೇಳಿದ ಮತ್ತಾತೀಯನೆಂಬ ವೃದ್ಧ ಯಾಜಕನೂ ಅವನ ಜೊತೆಗಾರರೂ ಅತ್ತರು. ಬಳಿಕ, ಎಲ್ಲರೂ ಹೀಗೆಯೇ ಸತ್ತರೆ ಈ ದಿನವನ್ನು ಆಚರಿಸುವವರು ಯಾರೂ ಉಳಿಯರೆಂದು ಆಲೋಚಿಸಿ, ಮೇಲೆ ಬಿದ್ದವರೊಡನೆ ಸಬ್ಬತ್ತಿನ ದಿನವೂ ಹೋರಾಡತಕ್ಕದ್ದೆಂದು ನಿರ್ಣಯಿಸಿದರು. ಮುಂದೆ ಅವರ ಧರ್ಮಶಾಸ್ತ್ರಜ್ಞರು ಇದನ್ನೇ ಸೂತ್ರವನ್ನಾಗಿ ಮಾಡಿ, ಪ್ರಾಣವನ್ನುಳಿಸುವ ಕಾರ್ಯವು ಸಬ್ಬತ್ತನ್ನು ಮೀರುತ್ತದೆ ಎಂದರು. ಸಾವಿರ ಹೆಣಗಳ ಬೆಲೆ ತೆತ್ತು ಪಡೆದ ವಿನಾಯಿತಿ ಇದು.

ರೋಮಿನವರಿಗೆ ಈ ಆಚಾರವು ಸೋಮಾರಿತನವಾಗಿ ಕಂಡಿತು. ತತ್ತ್ವಜ್ಞಾನಿ ಸೆನೆಕನು ಈ ಜನರು ಆಯುಷ್ಯದ ಏಳನೆಯ ಒಂದು ಪಾಲನ್ನು ಹಾಳುಮಾಡಿಕೊಳ್ಳುತ್ತಾರೆ ಎಂದು ಆಕ್ಷೇಪಿಸಿದುದನ್ನು ಸಂತ ಅಗಸ್ಟೀನನು ಬರೆದಿಟ್ಟಿದ್ದಾನೆ. ಆ ಸೆನೆಕನ ರೋಮಿನಲ್ಲಿ ಗುಲಾಮನಿಗೆ ವಾರದ ಬಿಡುವೆಂಬುದಿರಲಿಲ್ಲ.

ಕ್ರಿ. ಶ. ೨೦೦ರ ಸುಮಾರಿಗೆ ಸಂಗ್ರಹವಾದ ಮಿಷ್ನಾ ಎಂಬ ಧರ್ಮಸಂಹಿತೆಯಲ್ಲಿ ಆ ದಿನ ನಿಷಿದ್ಧವಾದ ಮೂವತ್ತೊಂಬತ್ತು ಕೆಲಸಗಳ ಪಟ್ಟಿಯಿದೆ. ಉಳುವುದು, ಬಿತ್ತುವುದು, ಕೊಯ್ಯುವುದು, ಒಕ್ಕುವುದು, ತೂರುವುದು, ಬೀಸುವುದು, ನಾದುವುದು, ಬೇಯಿಸುವುದು, ನೂಲುವುದು, ನೇಯುವುದು, ಬೆಂಕಿಯನ್ನು ಹೊತ್ತಿಸುವುದು, ಆರಿಸುವುದು ಹೀಗೆ ಹೋಗುತ್ತದೆ. ಕಾಳಿನಿಂದ ಹಿಡಿದು ರೊಟ್ಟಿಯವರೆಗೆ, ಉಣ್ಣೆಯಿಂದ ಹಿಡಿದು ಬಟ್ಟೆಯವರೆಗೆ, ಒಂದು ಸಂಸಾರದ ದುಡಿಮೆಯ ಚಿತ್ರವೇ ಅದರಲ್ಲಿದೆ. ಹಣ್ಣನ್ನು ಹಿಂಡಿ ರಸವನ್ನೂ ಎಣ್ಣೆಯನ್ನೂ ತೆಗೆಯುವುದು ಒಕ್ಕುವುದರ ಅಂಗವೆಂದು ಶಾಸ್ತ್ರಿಗಳು ನಿರ್ಣಯಿಸಿದರು. ನಡೆಯುವುದಕ್ಕೂ ಊರಿನಿಂದ ಆಚೆಗೆ ೨೦೦೦ ಮೊಳವೆಂದು ಎಲ್ಲೆ ಕಟ್ಟಿದರು. ಗಾಡಿಯನ್ನು ಹೂಡುವಂತಿಲ್ಲ, ದೂರ ನಡೆಯುವಂತಿಲ್ಲ. ಆದುದರಿಂದ ಪ್ರಾರ್ಥನೆಗೆ ಕೂಡುವವರು ಒಬ್ಬರಿಗೊಬ್ಬರು ಹತ್ತಿರವೇ ಮನೆ ಮಾಡಿಕೊಂಡಿರಬೇಕಾಯಿತು. ಲೋಕದ ಎಷ್ಟೋ ಪಟ್ಟಣಗಳಲ್ಲಿ ಯೆಹೂದ್ಯರ ಕೇರಿಗಳು ಒತ್ತಾಗಿ ಬೆಳೆದುದಕ್ಕೆ ಹೊರಗಿನವರ ದ್ವೇಷವು ಒಂದು ಕಾರಣವಾದರೆ ಈ ನಡಿಗೆಯ ಎಲ್ಲೆಯೂ ಒಂದು ಕಾರಣ.

ನಿಷೇಧಗಳ ಪಟ್ಟಿಯನ್ನು ಮಾತ್ರ ಓದಿದವರಿಗೆ ಆ ದಿನವು ಸಪ್ಪೆಯೆಂದು ತೋರಬಹುದು. ಮನೆಯೊಳಗಿನಿಂದ ನೋಡಿದರೆ ಬೇರೆ. ಶುಕ್ರವಾರ ಮಧ್ಯಾಹ್ನದಿಂದ ಮನೆಯಲ್ಲಿ ಹಬ್ಬದ ಗಡಿಬಿಡಿ. ಮರುದಿನಕ್ಕೂ ಆಗುವಷ್ಟು ಅಡಿಗೆ ಮುಗಿಯಬೇಕು, ಸ್ನಾನವಾಗಬೇಕು. ಹೊತ್ತು ಮುಳುಗುವುದಕ್ಕೆ ಮೊದಲು ಮನೆಯಾಕೆ ದೀಪವನ್ನು ಹೊತ್ತಿಸುವಳು. ತಂದೆಯು ಮಕ್ಕಳ ತಲೆಯ ಮೇಲೆ ಕೈಯಿಟ್ಟು ಹರಸಿ, ದ್ರಾಕ್ಷಾರಸದ ಬಟ್ಟಲನ್ನೆತ್ತಿ ದಿನವನ್ನು ಸ್ತುತಿಸುವನು. ಕೊಂಕಣದ ಗಾಣಿಗರ ಮನೆಯಲ್ಲಿ ದ್ರಾಕ್ಷಾರಸಕ್ಕೆ ಬದಲಾಗಿ ಒಣದ್ರಾಕ್ಷಿಯನ್ನು ನೆನೆಹಾಕಿ ಹಿಸುಕಿ ಮಾಡಿದ ಪಾನಕವಿರುತ್ತಿತ್ತು. ದೀಪಕ್ಕೆ ಎಣ್ಣೆ ಬೇಕಾದರೆ ಮನೆಯಲ್ಲಿ ಬೇಕಾದಷ್ಟು. ಶನಿವಾರ ಕತ್ತಲಾದ ಮೇಲೆ ಸುಗಂಧದ್ರವ್ಯವನ್ನು ಮೂಸಿ, ಹೊಸ ದೀಪವನ್ನು ಹೊತ್ತಿಸಿ, ದಿನವನ್ನು ಕಳುಹಿಸಿಕೊಡುವುದು ಯೆಹೂದ್ಯರಲ್ಲಿ ವಾಡಿಕೆ.

ಹದಿನಾರನೆಯ ಶತಮಾನದಲ್ಲಿ ಗಲಿಲಾಯದ ಸಫೇದ್ ಎಂಬ ಬೆಟ್ಟದೂರಿನ ಅನುಭಾವಿಗಳು ಈ ದಿನವನ್ನು ವಧುವೆಂದು ಭಾವಿಸಿ, ಶುಕ್ರವಾರ ಸಂಜೆ ಬಿಳಿಯ ಬಟ್ಟೆಯುಟ್ಟು ಊರ ಹೊರಗಿನ ಹೊಲಕ್ಕೆ ಹೋಗಿ ಹಾಡಿ ಎದುರುಗೊಳ್ಳುತ್ತಿದ್ದರು. ಅಲ್ಲಿಯ ಶ್ಲೋಮೋ ಅಲ್ಕಬೆಟ್ಸನು ರಚಿಸಿದ ಸ್ವಾಗತಗೀತವನ್ನು ಇಂದು ಲೋಕದ ಬಹುಭಾಗದ ಯೆಹೂದ್ಯರು ಹಾಡುತ್ತಾರೆ. ದೇವರನ್ನು ಗಂಡನೆಂದು ಕಂಡ ಶರಣರ ನಾಡಿನವರಿಗೆ ದಿನವನ್ನು ಮದುವಣಗಿತ್ತಿಯೆಂದು ಕಾಣುವುದು ಅಷ್ಟೇನೂ ದೂರದ ಮಾತಲ್ಲ.

ಇನ್ನು ಕೊಂಕಣಕ್ಕೆ ಬರೋಣ. ತಮ್ಮ ಪೂರ್ವಿಕರ ಹಡಗು ಅಲಿಬಾಗದ ಸಮೀಪದ ನವಗಾಂವದ ಬಳಿ ಒಡೆಯಿತೆಂದೂ, ಏಳು ಗಂಡಸರೂ ಏಳು ಹೆಂಗಸರೂ ಮಾತ್ರ ಬದುಕಿ ದಡ ಸೇರಿದರೆಂದೂ, ಗ್ರಂಥಗಳೆಲ್ಲ ನೀರುಪಾಲಾದುವೆಂದೂ ಬೆನೆ ಇಸ್ರಾಯೇಲರು ಹೇಳುತ್ತಾರೆ. ಅವರಲ್ಲಿ ಹುಟ್ಟಿದ ಚರಿತ್ರಕಾರ ಹಾಯೀಮ್ ಸಾಮ್ಯುವೆಲ್ ಕೇಹಿಮಕರರು ಇದನ್ನು ಕ್ರಿ. ಪೂ. ಎರಡನೆಯ ಶತಮಾನಕ್ಕೆ ಹಾಕಿದರು. ಇದಕ್ಕೆ ಶಾಸನವಿಲ್ಲ, ನಾಣ್ಯವಿಲ್ಲ. ಏಳು ಜೋಡಿಯ ಲೆಕ್ಕವು ಕಥೆಗಳ ಲೆಕ್ಕದಂತೆಯೇ ಇದೆ. ಕೇಹಿಮಕರರ ಕಾಲನಿರ್ಣಯವನ್ನು ನಾವು ಒಪ್ಪಲಾರೆವು. ಆದರೆ ಗ್ರಂಥಗಳು ಹೋದುವೆಂಬ ಮಾತನ್ನು ಒಪ್ಪದೆ ವಿಧಿಯಿಲ್ಲ. ಹೊರಗಿನ ಯೆಹೂದ್ಯರು ಇವರನ್ನು ಕಂಡಾಗ ಇವರಲ್ಲಿ ಹೀಬ್ರೂ ಭಾಷೆ ಉಳಿದಿರಲಿಲ್ಲ, ಪ್ರಾರ್ಥನಾಮಂದಿರವಿರಲಿಲ್ಲ, ಪುರೋಹಿತರಿರಲಿಲ್ಲ. ದೇವನೊಬ್ಬನೇ ಎಂದು ಸಾರುವ 'ಶೆಮಾ' ಎಂಬ ಮಂತ್ರವೊಂದು ನಾಲಗೆಯ ಮೇಲಿದ್ದಿತು. ಹುಟ್ಟಿಗೂ ಮದುವೆಗೂ ಸಾವಿಗೂ ಅದನ್ನೇ ಹೇಳುತ್ತಿದ್ದರು. ಎಂಟನೆಯ ದಿನದ ಸುನ್ನತಿ, ಕೆಲವು ಆಹಾರನಿಯಮಗಳು, ಕೆಲವು ಉಪವಾಸಗಳು; ಇವುಗಳ ಜೊತೆಗೆ ಶನಿವಾರ.

ಸುಮಾರು ಕ್ರಿ. ಶ. ೧೨೦೦ರಲ್ಲಿ ಐಗುಪ್ತದಲ್ಲಿದ್ದ ಮಹಾಪಂಡಿತ ಮೈಮೋನಿಡೀಸನು ಬರೆದ ಒಂದು ಪತ್ರದಲ್ಲಿ, ಹಿಂದೂದೇಶದ ಯೆಹೂದ್ಯರು ಧರ್ಮಶಾಸ್ತ್ರವನ್ನು ಅರಿಯರು, ಸಬ್ಬತ್ತನ್ನೂ ಸುನ್ನತಿಯನ್ನೂ ಮಾತ್ರ ಬಲ್ಲರು ಎಂಬ ಅಭಿಪ್ರಾಯ ಬರುತ್ತದೆ. ಅದು ಕೊಂಕಣದವರನ್ನೇ ಕುರಿತದ್ದೆಂದು ಸಾಧಿಸುವುದು ಕಷ್ಟ. ಮರುಕದಿಂದ ಬರೆದ ಆ ವಾಕ್ಯವು ನಮಗೆ ಮಾತ್ರ ಬೇರೆಯಾಗಿಯೇ ಕೇಳಿಸುತ್ತದೆ. ಗ್ರಂಥವು ಮುಳುಗಬಹುದು, ಭಾಷೆ ಮರೆಯಬಹುದು, ಗುರುವು ಸಾಯಬಹುದು. ವಾರಕ್ಕೊಮ್ಮೆ ಕೆಲಸವನ್ನು ನಿಲ್ಲಿಸುವುದಕ್ಕೆ ಇವು ಯಾವುವೂ ಬೇಡ. ಮನೆಯಲ್ಲಿ ತಾಯಿಯು ಒಲೆಯನ್ನು ಹೊತ್ತಿಸದಿರುವುದನ್ನು ಕಂಡ ಮಗುವಿಗೆ ಮತ್ತೊಂದು ಪಾಠದ ಆವಶ್ಯಕತೆಯಿರಲಿಲ್ಲ.

ದಾವೀದ ರಹಾಬಿಯೆಂಬ ಯೆಹೂದ್ಯನು ಬಂದು ಇವರನ್ನು ಗುರುತಿಸಿದನೆಂದು ಐತಿಹ್ಯವಿದೆ. ಅವನು ಕ್ರಿ. ಶ. ೧೦೦೦ರ ಹೊತ್ತಿಗೆ ಬಂದನೆಂದು ಕೆಲವರು. ಹದಿನೆಂಟನೆಯ ಶತಮಾನದ ಕೊಚ್ಚಿಯ ರಹಾಬಿ ಮನೆತನದವನೇ ಇವನೆಂದು ಇನ್ನು ಕೆಲವರು. ಅವನು ಹೆಂಗಸರ ಮುಂದೆ ಬಗೆಬಗೆಯ ಮೀನುಗಳನ್ನು ಇರಿಸಿದನಂತೆ. ಅವರು ರೆಕ್ಕೆ ಮತ್ತು ಪರೆಯುಳ್ಳ ಮೀನುಗಳನ್ನು ಮಾತ್ರ ಆರಿಸಿಕೊಂಡು, ಉಳಿದುವನ್ನು ನಾವು ತಿನ್ನುವುದಿಲ್ಲವೆಂದರಂತೆ. ಗಾಣವು ನಿಂತುದನ್ನು ನೋಡಿದವನಿಗೆ ಮೀನಿನ ಪರೀಕ್ಷೆ ಏತಕ್ಕೆ ಬೇಕಾಯಿತೋ ನಾವು ಕಾಣೆವು.

ಈ ಜನರ ಚರಿತ್ರೆಯು ನಮ್ಮ ಮೈಸೂರಿನ ಚರಿತ್ರೆಯನ್ನು ಒಂದು ಕಡೆ ತಾಗುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಇವರಲ್ಲಿ ಅನೇಕರು ಗಾಣವನ್ನು ಬಿಟ್ಟು ಮುಂಬಯಿಗೆ ಬಂದು ಕುಂಪಣಿಯ ಪಲ್ಟಣಗಳಲ್ಲಿ ಸೇರಿದರು. ಅಂಥವರಲ್ಲಿ ಸಾಮ್ಯುವೆಲ್ ದಿವೇಕರನೆಂಬ ಅಧಿಕಾರಿಯೊಬ್ಬನು. ಮರಾಠಿಯಲ್ಲಿ ಅವನಿಗೆ ಸಾಮಾಜಿ ಹಸಾಜಿ ಎಂದು ಹೆಸರು. ಎರಡನೆಯ ಮೈಸೂರು ಯುದ್ಧದಲ್ಲಿ (೧೭೮೦–೮೪) ಅವನು ಟಿಪ್ಪು ಸುಲ್ತಾನನ ಕೈಗೆ ಸೆರೆ ಸಿಕ್ಕಿದನು. ನೀವು ಯಾವ ಜಾತಿಯವರೆಂದು ಕೇಳಿದಾಗ ಸೆರೆಯವರು ಬೆನೆ ಇಸ್ರಾಯೇಲರೆಂದರಂತೆ. ಕುರಾನಿನಲ್ಲಿ ಬರುವ ಆ ಹೆಸರನ್ನು ಕೇಳಿ ಸುಲ್ತಾನನ ತಾಯಿಯು, ಇಂಥವರನ್ನು ಈವರೆಗೆ ಕಂಡಿಲ್ಲ, ಇವರ ಪ್ರಾಣವನ್ನುಳಿಸಬೇಕೆಂದು ಮಗನನ್ನು ಕೇಳಿಕೊಂಡಳೆಂದು ಅವರ ಮನೆಗಳಲ್ಲಿ ಕಥೆಯಿದೆ. ಕಥೆಯ ಸತ್ಯಾಸತ್ಯತೆ ಹೇಗಾದರೂ ಇರಲಿ. ಬದುಕಿ ಹಿಂದಿರುಗಿದ ದಿವೇಕರನು ೧೭೯೬ರಲ್ಲಿ ಮುಂಬಯಿಯ ಮಾಂಡವಿ ಮೊಹಲ್ಲೆಯಲ್ಲಿ ಒಂದು ಪ್ರಾರ್ಥನಾಮಂದಿರವನ್ನು ಕಟ್ಟಿಸಿದುದು ಮಾತ್ರ ದಿಟ. ಮುಂಬಯಿಯಲ್ಲಿ ಅದೇ ಮೊದಲನೆಯದು. ಅದಕ್ಕೆ ಹೀಬ್ರೂ ಭಾಷೆಯಲ್ಲಿ ಕರುಣೆಯ ಬಾಗಿಲು ಎಂಬರ್ಥದ ಹೆಸರಿದೆ. ಮನೆಯೊಳಗೆ ಮಾತ್ರ ನಡೆಯುತ್ತಿದ್ದ ಶನಿವಾರವು ಅಂದಿನಿಂದ ಸಭೆಯ ಶನಿವಾರವೂ ಆಯಿತು. ಕೊಚ್ಚಿಯಿಂದ ಉಪಾಧ್ಯಾಯರು ಬಂದರು. ೧೮೨೯ರಲ್ಲಿ ಮುಂಬಯಿಗೆ ಬಂದ ಸ್ಕಾಟ್ಲೆಂಡಿನ ಪಾದ್ರಿ ಜಾನ್ ವಿಲ್ಸನ್ನರು ಇವರಿಗಾಗಿ ಮರಾಠಿಯಲ್ಲಿ ಹೀಬ್ರೂ ವ್ಯಾಕರಣವನ್ನು ಬರೆದರು. ಅವರ ಉದ್ದೇಶವು ಇವರನ್ನು ಕ್ರೈಸ್ತರನ್ನಾಗಿ ಮಾಡುವುದು. ಇವರು ವ್ಯಾಕರಣವನ್ನು ಕಲಿತು ಯೆಹೂದ್ಯರಾಗಿಯೇ ಉಳಿದರು.

ಇಲ್ಲಿಂದ ಮುಂದಿನ ಭಾಗವು ನಮಗೆ ಹೆಚ್ಚು ಕುತೂಹಲಕರವಾಗಿ ತೋರುತ್ತದೆ. ಮಂದಿರ ದೊರೆಯಿತು, ಗ್ರಂಥ ದೊರೆಯಿತು, ಗುರುಗಳು ದೊರೆತರು. ಶನಿವಾರವು ಸಡಿಲವಾಗತೊಡಗಿತು. ಹಳ್ಳಿಯಲ್ಲಿ ಗಾಣವು ತನ್ನದು, ಎತ್ತು ತನ್ನದು. ನಿಲ್ಲಿಸುವ ಅಧಿಕಾರವೂ ತನ್ನದೇ ಆಗಿದ್ದಿತು. ಪಟ್ಟಣದಲ್ಲಿ ಇವರು ಗುಮಾಸ್ತೆಗಳಾದರು, ರೈಲ್ವೆಯ ನೌಕರರಾದರು, ಆಸ್ಪತ್ರೆಯ ಸಹಾಯಕರಾದರು. ಇಂಗ್ಲಿಷರ ಕಚೇರಿಗೆ ರಜವು ಭಾನುವಾರ. ಕ್ರಿ. ಶ. ೩೨೧ರಲ್ಲಿ ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನನು ನ್ಯಾಯಸ್ಥಾನಗಳಿಗೂ ಪಟ್ಟಣದ ಕಸಬುಗಾರರಿಗೂ ವಿಧಿಸಿದ ಸೂರ್ಯನ ದಿನದ ವಿಶ್ರಾಂತಿಯು ಸಾಗರವನ್ನು ದಾಟಿ ಇಲ್ಲಿಗೆ ಬಂದಿದ್ದಿತು. ಮುಂಬಯಿಯ ಗಿರಣಿಗಳ ಕೂಲಿಗಾರರಿಗಾದರೋ ಅದೂ ಇರಲಿಲ್ಲ. ನಾರಾಯಣ ಮೇಘಾಜಿ ಲೋಖಂಡೆಯವರು ೧೮೮೪ರಿಂದ ಸಭೆಗಳನ್ನು ಕೂಡಿಸಿ, ಅರ್ಜಿಗಳನ್ನು ಬರೆದು, ೧೮೯೦ನೆಯ ಜೂನ್ ೧೦ರಂದು ಭಾನುವಾರದ ಬಿಡುವನ್ನು ಗಿರಣಿಯ ಒಡೆಯರಿಂದ ಪಡೆದರು. ಮರಾಠಾ ದೇಶದಲ್ಲಿ ಭಾನುವಾರವು ಖಂಡೋಬನ ವಾರ. ಕೂಲಿಗಾರನಿಗೆ ಅದು ಪರಕೀಯವೆನಿಸಲಿಲ್ಲ. ಬೆನೆ ಇಸ್ರಾಯೇಲನ ಪಾಡು ಬೇರೆಯಾಯಿತು. ಊರಿಗೆಲ್ಲ ಬಿಡುವು ಬಂದಿತು. ಅವನ ದಿನವು ಮಾತ್ರ ಕೆಲಸದ ದಿನವಾಗಿ ಉಳಿಯಿತು. ಶನಿವಾರ ಕಚೇರಿಗೆ ಹೋಗದಿದ್ದರೆ ಸಂಬಳವಿಲ್ಲ, ಕಾಲಕ್ರಮದಲ್ಲಿ ನೌಕರಿಯೂ ಇಲ್ಲ. ಬೆಳಿಗ್ಗೆ ಬೇಗನೆ ಪ್ರಾರ್ಥನೆಯನ್ನು ಮುಗಿಸಿ ಕಚೇರಿಗೆ ಓಡಿದವರುಂಟು. ಶುಕ್ರವಾರದ ದೀಪಕ್ಕೂ ಪಾನಕಕ್ಕೂ ಮಾತ್ರ ನಿಂತವರುಂಟು. ಅವರನ್ನು ದೂಷಿಸುವುದು ಸುಲಭ. ಹಡಗು ಒಡೆದಾಗ ಉಳಿದುದನ್ನು ಹಾಜರಿ ಪುಸ್ತಕವು ಕರಗಿಸಿತೆಂದರೆ, ಅದಕ್ಕೆ ಹಾಜರಿ ಹಾಕಿದವನೊಬ್ಬನೇ ಹೊಣೆಯೇ?

ಪ್ರಭುತ್ವವು ವಾರವನ್ನು ತನ್ನ ಇಷ್ಟದಂತೆ ತಿದ್ದಲು ಹೊರಟುದು ಬೇರೆಡೆಗಳಲ್ಲಿಯೂ ಉಂಟು. ಫ್ರಾನ್ಸಿನ ಕ್ರಾಂತಿಕಾರರು ೧೭೯೩ರಲ್ಲಿ ಹತ್ತು ದಿನಗಳ ವಾರವನ್ನು ತಂದರು. ರಷ್ಯದ ಸೋವಿಯತ್ ಸರಕಾರವು ೧೯೨೯ರಲ್ಲಿ ಐದು ದಿನಗಳ ವಾರವನ್ನು ತಂದು, ಒಬ್ಬೊಬ್ಬರಿಗೆ ಒಂದೊಂದು ದಿನ ಬಿಡುವನ್ನು ಹಂಚಿತು. ಗಂಡನಿಗೆ ಬಿಡುವಿದ್ದ ದಿನ ಹೆಂಡತಿಗೆ ಕೆಲಸ. ಬಿಡುವಿದ್ದರೂ ಮನೆಯಲ್ಲಿ ಜೊತೆಗೆ ಕೂಡುವವರಿಲ್ಲ. ಎರಡೂ ಪ್ರಯೋಗಗಳು ಬಹುಕಾಲ ನಿಲ್ಲಲಿಲ್ಲ. ರಷ್ಯದಲ್ಲಿ ೧೯೪೦ರಲ್ಲಿ ಏಳರ ವಾರವು ಮರಳಿ ಬಂದಿತು.

೧೯೪೮ರಲ್ಲಿ ಇಸ್ರೇಲ್ ರಾಷ್ಟ್ರವು ಸ್ಥಾಪಿತವಾಯಿತು. ಆಗ ಸುಮಾರು ೨೦,೦೦೦ ಮಂದಿಯಿದ್ದ ಬೆನೆ ಇಸ್ರಾಯೇಲರಲ್ಲಿ ಬಹುಭಾಗವು ಮುಂದಿನ ದಶಕಗಳಲ್ಲಿ ಅಲ್ಲಿಗೆ ವಲಸೆ ಹೋಯಿತು. ಅಲ್ಲಿ ಶನಿವಾರವೇ ದೇಶದ ರಜ. ಕಚೇರಿ ಮುಚ್ಚಿರುತ್ತದೆ, ಬಹುಪಾಲು ಅಂಗಡಿಗಳು ಮುಚ್ಚಿರುತ್ತವೆ. ಇನ್ನು ಅದಕ್ಕಾಗಿ ಏನನ್ನೂ ತೆರಬೇಕಾದುದಿಲ್ಲವೆಂದು ಹೋದವರು ಭಾವಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ೧೯೬೨ರ ಹೊತ್ತಿಗೆ ಅಲ್ಲಿಯ ಧರ್ಮಾಧಿಕಾರಿಗಳು, ಇವರ ಪೂರ್ವಿಕರು ಶಾಸ್ತ್ರೋಕ್ತವಾದ ವಿಚ್ಛೇದನದ ವಿಧಿಯನ್ನು ಅರಿತಿರಲಿಲ್ಲ, ಆದಕಾರಣ ಇವರೊಡನೆ ವಿವಾಹ ಬೆಳೆಸುವ ಮುನ್ನ ವಂಶವನ್ನು ವಿಚಾರಿಸತಕ್ಕದ್ದು ಎಂದು ನಿಯಮ ಮಾಡಿದರು. ಬೇರೆ ಯೆಹೂದ್ಯರಿಗೆ ಇಲ್ಲದ ಪರೀಕ್ಷೆ ನಮಗೇಕೆಂದು ಇವರು ಬೀದಿಗಿಳಿದರು, ಯೆರೂಸಲೇಮಿನಲ್ಲಿ ಸತ್ಯಾಗ್ರಹ ಮಾಡಿದರು. ೧೯೬೪ರಲ್ಲಿ ಅಲ್ಲಿಯ ಸರಕಾರವೂ ಶಾಸನಸಭೆಯೂ ಇವರು ಎಲ್ಲ ವಿಧದಲ್ಲಿಯೂ ಯೆಹೂದ್ಯರೇ ಎಂದು ಘೋಷಿಸಿದ ಮೇಲೆ ಆ ನಿಯಮವನ್ನು ತಿದ್ದಲಾಯಿತು. ಕೊಂಕಣದ ಅನ್ಯಮತೀಯ ನೆರೆಯವನು ಗಾಣವು ನಿಂತುದನ್ನು ಕಂಡೇ ಒಪ್ಪಿಕೊಂಡ ವಿಷಯವನ್ನು ಸ್ವಮತದವರು ಒಪ್ಪಿಕೊಳ್ಳುವುದಕ್ಕೆ ಎರಡು ವರ್ಷಗಳ ಹೋರಾಟ ಬೇಕಾಯಿತು.

ಹಿಂದೂದೇಶದಲ್ಲಿ ಉಳಿದವರು ಈಗ ಕೆಲವೇ ಸಾವಿರ ಮಂದಿ. ಹೆಚ್ಚಿನವರು ಮುಂಬಯಿ, ಠಾಣೆಗಳಲ್ಲಿದ್ದಾರೆ. ಸಾರ್ವಜನಿಕ ಪ್ರಾರ್ಥನೆಗೆ ವಯಸ್ಕರಾದ ಹತ್ತು ಮಂದಿ ಗಂಡಸರು ಕೂಡಬೇಕೆಂದು ಯೆಹೂದ್ಯರ ನಿಯಮ. ಕೊಂಕಣದ ಹಳೆಯ ಊರುಗಳಲ್ಲಿ ಮಂದಿರಗಳು ಇನ್ನೂ ನಿಂತಿವೆ. ಆದರೆ ಹತ್ತು ಮಂದಿ ಕೂಡುವುದು ಅನೇಕ ಕಡೆ ದುರ್ಲಭವಾಗಿದೆ. ಅಲ್ಲಿ ಉಳಿದಿರುವ ಒಂದೆರಡು ಮನೆಗಳಲ್ಲಿ ಶುಕ್ರವಾರದ ದೀಪವನ್ನು ಮನೆಯಾಕೆಯೇ ಹೊತ್ತಿಸುತ್ತಾಳೆ. ಅದಕ್ಕೆ ಹತ್ತು ಮಂದಿ ಬೇಕಾಗಿಲ್ಲ.